ಏನೂ ಆಗಿಲ್ಲ, ಹೋಗಪ್ಪ

(ತಿಪಟೂರಿನ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಟಿಪ್ಪಣಿ ನೋಡಿಕೊಂಡು ನಾನೇ ಬರೆದಿಟ್ಟದ್ದು. ಕೊನೆಯ ಪ್ರಶ್ನೋತ್ತರ ಮಾತ್ರ ನೆನಪಿನಿಂದ.)

ನಮಸ್ಕಾರ. ನನ್ನನ್ನು ಪರಿಚಯಿಸಿದವರು ‘ಅಪಘಾತ ಪರಿಹಾರದ ವಿಷಯದಲ್ಲಿ ನುರಿತವರು’ ಎಂದರು. ನುರಿತದ್ದು ನಿಜ. ಯಾವ ಕಡೆ ಕುಳಿತು ನುರಿತೆ ಎಂಬುದನ್ನು ಮಾತ್ರ ಅವರು ಸೌಜನ್ಯದಿಂದ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ನಾನು ಕುಳಿತದ್ದು ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ. ನಿಮ್ಮಂಥವರ ಅರ್ಜಿ ಬಂದರೆ ಅದರಲ್ಲಿ ತೂತು ಎಲ್ಲಿದೆ ಎಂದು ಹುಡುಕಿ, ಅದಕ್ಕೆ ಬೆರಳಿಟ್ಟು, ವಕೀಲರ ಕೈಗೆ ಕೊಡುವುದು ನನ್ನ ಸಂಬಳದ ಕೆಲಸವಾಗಿತ್ತು. ತೂತು ಹುಡುಕಿ ಹುಡುಕಿ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ತೂತು ಬೀಳುವುದು ನ್ಯಾಯಾಲಯದಲ್ಲಿ ಅಲ್ಲ, ವಕೀಲರ ಕಚೇರಿಯಲ್ಲೂ ಅಲ್ಲ. ಬಿದ್ದ ದಿನವೇ, ರಸ್ತೆಯ ಮೇಲೆ ಮತ್ತು ಆಸ್ಪತ್ರೆಯ ಚೀಟಿಯ ಮೇಲೆ.

ದೊಡ್ಡ ಅಪಘಾತಗಳ ವಿಷಯ ಇವತ್ತು ಬೇಡ. ಬಸ್ಸು ಮಗುಚಿದರೆ ಪೊಲೀಸರು ಬರುತ್ತಾರೆ, ಆಂಬುಲೆನ್ಸ್ ಬರುತ್ತದೆ, ಪತ್ರಿಕೆಯವರೂ ಬರುತ್ತಾರೆ. ಕಾಗದ ತಾನಾಗಿ ಹುಟ್ಟುತ್ತದೆ. ಕಾಗದವೇ ಹುಟ್ಟದೆ ಹೋಗುವುದು ಸಣ್ಣ ಅಪಘಾತದಲ್ಲಿ.

ಇಲ್ಲೇ ಬಿ.ಎಚ್. ರಸ್ತೆಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಹಾಲು ತರಲು ಹೊರಟ ಹಿರಿಯರೊಬ್ಬರಿಗೆ ಹಿಂದಿನಿಂದ ಸ್ಕೂಟರ್ ತಾಗುತ್ತದೆ. ಬೀಳುತ್ತಾರೆ. ಬಿದ್ದವರು ಮೊದಲು ನೋಡುವುದು ತಮ್ಮ ಮೊಣಕಾಲನ್ನಲ್ಲ. ಯಾರಾದರೂ ನೋಡಿಬಿಟ್ಟರೇ ಎಂದು ಸುತ್ತಮುತ್ತ. ಆಮೇಲೆ ಪಂಚೆ ಸರಿಮಾಡಿಕೊಳ್ಳುತ್ತಾರೆ. ಕಾಲೇಜಿನ ಹುಡುಗ ಬಿಳಿಚಿಕೊಂಡು ನಿಂತಿದ್ದಾನೆ. ‘ಸಾರಿ ತಾತ’ ಎನ್ನುತ್ತಾನೆ. ತಾತ ‘ಏನೂ ಆಗಿಲ್ಲ, ಹೋಗಪ್ಪ’ ಎನ್ನುತ್ತಾರೆ. ಈ ಮೂರು ಪದಗಳಿಂದ ವಿಮಾ ಕಂಪನಿಗಳಿಗೆ ಉಳಿದಿರುವ ಹಣವನ್ನು ಯಾರೂ ಲೆಕ್ಕ ಹಾಕಿಲ್ಲ. ನಾನಂತೂ ಹಾಕಲು ಹೋಗಲಿಲ್ಲ, ಮನಸ್ಸು ಕೆಡುತ್ತದೆ.

ಹುಡುಗನ ಕೊರಳಪಟ್ಟಿ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಅವನ ಮೇಲಿನ ಕರುಣೆ ಒಳ್ಳೆಯದೇ. ಆದರೆ ಕರುಣೆಯ ಹಿಂದೆ ಒಂದು ತಪ್ಪು ಲೆಕ್ಕವಿದೆ, ಪರಿಹಾರ ಕೇಳಿದರೆ ಆ ಹುಡುಗನ ಅಪ್ಪ ಸಾಲ ಮಾಡಬೇಕಾಗುತ್ತದೆ ಎಂದು. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೆಯವರ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಮೂರನೆಯವರು ಎಂದರೆ ಯಾರು? ನೀವೇ. ಮಾಲೀಕ ಒಂದನೆಯವನು, ಕಂಪನಿ ಎರಡನೆಯದು, ಹಾಲಿನ ಪಾತ್ರೆ ಹಿಡಿದು ರಸ್ತೆ ಬದಿಯಲ್ಲಿ ಹೋಗುತ್ತಿದ್ದವರು ಮೂರನೆಯವರು. ಆ ಹುಡುಗನ ಮನೆಯವರು ಕಟ್ಟಿರುವ ಕಂತಿನಲ್ಲಿ ನಿಮ್ಮ ಹೆಸರಿನದೂ ಒಂದು ಭಾಗವಿದೆ. ಆದ್ದರಿಂದ ಗದರಬೇಡಿ, ಬೈಯಬೇಡಿ; ಗಾಡಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಹೆಸರು ಕೇಳಿ, ಅಕ್ಕಪಕ್ಕದ ಅಂಗಡಿಯವರ ಮುಖ ನೆನಪಿಟ್ಟುಕೊಳ್ಳಿ. ಆಮೇಲೆ ‘ಹೋಗಪ್ಪ’ ಎನ್ನಿ. ‘ಏನೂ ಆಗಿಲ್ಲ’ ಎಂಬುದನ್ನು ಮಾತ್ರ ನುಂಗಿಕೊಳ್ಳಿ, ಏಕೆಂದರೆ ಆಗಿದೆಯೋ ಇಲ್ಲವೋ ಎಂಬುದು ನಿಮಗೂ ಇನ್ನೂ ಗೊತ್ತಿಲ್ಲ.

ಗೊತ್ತಾಗುವುದಿಲ್ಲ ಎಂದದ್ದು ಮಾತಿನ ಚಮತ್ಕಾರಕ್ಕಲ್ಲ. ನಾನು ವೈದ್ಯನಲ್ಲ, ಆದರೆ ಸಾವಿರಾರು ಕೇಸ್ ಶೀಟುಗಳನ್ನು ಓದಿದ್ದೇನೆ. ಎರಡು ಗಾಯಗಳು ನನ್ನನ್ನು ಬಹಳ ಕಾಡಿದವು.

ಒಂದು ತಲೆಯದು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದಕ್ಕೂ ತಲೆಬುರುಡೆಗೂ ನಡುವೆ ಇರುವ ಸಣ್ಣ ರಕ್ತನಾಳಗಳು ಎಳೆದ ದಾರದಂತೆ ಬಿಗಿಯಾಗಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ನಾಳ ಹರಿಯಬಹುದು. ಹರಿದ ದಿನ ಏನೂ ತೋರುವುದಿಲ್ಲ. ರಕ್ತ ತೊಟ್ಟು ತೊಟ್ಟಾಗಿ ಜಿನುಗುತ್ತದೆ, ಮೂರು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ತಲೆನೋವು, ಮಂಪರು, ನಡೆಯುವಾಗ ಒಂದು ಕಡೆಗೆ ವಾಲುವುದು, ಮೊಮ್ಮಗನ ಹೆಸರು ತಪ್ಪುವುದು. ಮನೆಯವರು ‘ವಯಸ್ಸಾಯಿತು’ ಎಂದುಕೊಳ್ಳುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ಹೆಪ್ಪುಗಟ್ಟಿದ ಹಳೆಯ ರಕ್ತ. ವೈದ್ಯರು ಇದನ್ನು ಸಬ್‌ಡ್ಯೂರಲ್ ಹೆಮಟೋಮ ಎನ್ನುತ್ತಾರೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಈ ಸಭೆಯಲ್ಲಿ ಆ ಮಾತ್ರೆ ತೆಗೆದುಕೊಳ್ಳುವವರು ಕೈ ಎತ್ತಬೇಕಾಗಿಲ್ಲ, ನನ್ನ ಜೇಬಿನಲ್ಲೂ ಇದೆ.

ಈಗ ನನ್ನ ಹಳೆಯ ಕುರ್ಚಿಯಲ್ಲಿ ಕುಳಿತು ನೋಡಿ. ಅಪಘಾತವಾಗಿ ನಲವತ್ತು ದಿನದ ಮೇಲೆ ಒಬ್ಬರಿಗೆ ತಲೆಯ ಶಸ್ತ್ರಚಿಕಿತ್ಸೆ ಆಗಿದೆ. ಅಪಘಾತದ ದಿನದ ಕಾಗದ ಒಂದೂ ಇಲ್ಲ. ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ನಲವತ್ತು ದಿನದಲ್ಲಿ ಇವರು ಬಚ್ಚಲಲ್ಲಿ ಬಿದ್ದಿಲ್ಲ ಎಂಬುದಕ್ಕೆ ಏನು ಸಾಕ್ಷಿ? ಉತ್ತರ ಇರುತ್ತಿರಲಿಲ್ಲ. ಅದೇ, ಬಿದ್ದ ದಿನ ಹತ್ತು ರೂಪಾಯಿಯ ಹೊರರೋಗಿ ಚೀಟಿಯಲ್ಲಿ ‘ಸ್ಕೂಟರ್ ತಾಗಿ ಬಿದ್ದು ತಲೆಗೆ ಪೆಟ್ಟು’ ಎಂಬ ಒಂದು ಸಾಲು ಇದ್ದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು.

ಎರಡನೆಯದು ಕೈಯದು. ಬೀಳುವಾಗ ಎಲ್ಲರೂ ಅಂಗೈ ಊರುತ್ತೇವೆ. ಹೆಬ್ಬೆರಳಿನ ಬುಡದ ಹತ್ತಿರ, ಮಣಿಕಟ್ಟಿನಲ್ಲಿ ಗೋಡಂಬಿಯ ಆಕಾರದ ಒಂದು ಪುಟ್ಟ ಎಲುಬಿದೆ, ಸ್ಕೇಫಾಯ್ಡ್ ಎಂದು ಹೆಸರು. ಅದು ಸೀಳಿದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅನುಮಾನ ಬಂದ ವೈದ್ಯರು ಪಟ್ಟಿ ಕಟ್ಟಿ, ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇಗೆ ಬನ್ನಿ ಎನ್ನುತ್ತಾರೆ. ನಾವು ಹೋಗುವುದಿಲ್ಲ. ಊತ ಇಳಿದಿರುತ್ತದೆ, ನೋವಿಗೆ ಎಣ್ಣೆ ತಿಕ್ಕಿಕೊಂಡಿರುತ್ತೇವೆ. ಆ ಎಲುಬಿಗೆ ರಕ್ತ ಹರಿಯುವ ದಾರಿಯೇ ವಕ್ರ, ತುದಿಯಿಂದ ಬುಡಕ್ಕೆ. ಸೀಳು ಬಿದ್ದರೆ ಬುಡದ ತುಂಡಿಗೆ ರಕ್ತ ಸರಿಯಾಗಿ ಸಿಗದೆ ಅದು ಕೂಡಿಕೊಳ್ಳದೆ ಉಳಿಯಬಹುದು. ಆರು ತಿಂಗಳ ಮೇಲೆ ತುಂಬಿದ ಬಿಂದಿಗೆ ಎತ್ತಲು ಆಗುವುದಿಲ್ಲ.

ಇಲ್ಲಿ ನಾನು ಒಂದು ಕಡತದ ಕತೆ ಹೇಳಬೇಕು. ಹೇಳದೆ ಹೋದರೆ ಈ ಉಪನ್ಯಾಸ ಕೊಡುವ ಅರ್ಹತೆ ನನಗಿಲ್ಲ.

ಇದೇ ಸೀಮೆಯವನು, ಮೂವತ್ತೆಂಟು ವಯಸ್ಸು. ತೋಟಗಳಲ್ಲಿ ಕಾಯಿ ಸುಲಿಯುವ ಕೆಲಸ. ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಚುಚ್ಚಿ, ಮಣಿಕಟ್ಟನ್ನು ತಿರುವಿ ಮಟ್ಟೆ ಬಿಡಿಸುವುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ದಿನಕ್ಕೆ ಸಾವಿರ ಸಲ ಅದೇ ತಿರುವು. ಬೈಕಿನಲ್ಲಿ ಬರುವಾಗ ಪಕ್ಕದಿಂದ ಕಾರೊಂದು ಉಜ್ಜಿ ಬೀಳಿಸಿತು. ಮೈ ತರಚಿತ್ತು, ಕೈ ಊದಿತ್ತು, ಅಷ್ಟೆ. ಆಸ್ಪತ್ರೆಗೆ ಭಾವಮೈದ ಕರೆದುಕೊಂಡು ಹೋದ. ‘ಅಪಘಾತ ಎಂದರೆ ಪೊಲೀಸು, ಠಾಣೆ, ಕೂಲಿ ಕಳೆದುಕೊಂಡು ಅಲೆದಾಟ’ ಎಂದು ಯಾರೋ ಹೇಳಿದರು. ಭಾವಮೈದ ಆಸ್ಪತ್ರೆಯಲ್ಲಿ ‘ಗಾಡಿ ಜಾರಿ ಬಿದ್ದ’ ಎಂದ. ವೈದ್ಯರು ಇಂಗ್ಲಿಷಿನಲ್ಲಿ ತಾನಾಗಿ ಬಿದ್ದದ್ದು ಎಂದು ಎರಡು ಪದ ಬರೆದರು. ಎರಡು ತಿಂಗಳ ಮೇಲೆ ಕೈ ಸರಿಹೋಗದಾಗ ಕಾರಿನ ಮಾಲೀಕನೇ ಪಾಪ ಬಂದು, ವಿಮೆ ಇದೆ, ಅರ್ಜಿ ಹಾಕು ಎಂದನಂತೆ. ದೂರು ಕೊಟ್ಟರು, ಅರ್ಜಿ ಹಾಕಿದರು.

ನಾನು ಮಾಡಿದ್ದು ಇಷ್ಟು: ಆಸ್ಪತ್ರೆಯ ಮೂಲ ಕೇಸ್ ಶೀಟ್ ತರಿಸುವಂತೆ, ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಗೆ ಅರ್ಜಿ ಹಾಕಿಸಿದೆ. ಆ ಎರಡು ಪದಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿ ವಕೀಲರಿಗೆ ಕೊಟ್ಟೆ. ಅರ್ಜಿ ವಜಾ ಆಯಿತು. ಆ ಮನುಷ್ಯ ಹೇಳಿದ್ದು ನಿಜ ಎಂದು ನನಗೆ ಗೊತ್ತಿತ್ತು. ಕಾರಿನ ಎಡಬದಿಯ ಉಜ್ಜಿದ ಗುರುತು ನಮ್ಮ ತನಿಖೆಗಾರನ ಫೋಟೊದಲ್ಲೇ ಇತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಆ ವರ್ಷ ನನಗೆ ಬಡ್ತಿಯೂ ಬಂತು.

ಹಾಗಾಗಿ ನಿಮ್ಮಲ್ಲಿ ಒಂದೇ ವಿನಂತಿ. ಆಸ್ಪತ್ರೆಯಲ್ಲಿ ‘ಹೇಗೆ ಆಯಿತು’ ಎಂದು ಕೇಳಿದಾಗ ಆದದ್ದನ್ನು ಆದಂತೆ ಹೇಳಿ. ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ. ರಸ್ತೆ ಅಪಘಾತ ಎಂದರೆ ವೈದ್ಯರು ಎಂ.ಎಲ್.ಸಿ. ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ದಾಖಲೆಯಲ್ಲಿ, ಬರೆದು ಠಾಣೆಗೆ ತಿಳಿಸುತ್ತಾರೆ. ಅದಕ್ಕೆ ಹೆದರಬೇಡಿ, ಅದೇ ನಿಮ್ಮ ಮೊದಲ ಸಾಕ್ಷಿ. ನೋವಿರುವ ಜಾಗಗಳನ್ನೆಲ್ಲ ಹೇಳಿ, ದೊಡ್ಡ ನೋವನ್ನು ಮಾತ್ರವಲ್ಲ. ಮೊಣಕಾಲಿನ ರಕ್ತ ನೋಡಿ ಮಣಿಕಟ್ಟನ್ನು ಮರೆತವರು ಬಹಳ ಮಂದಿ. ಬರೆದ ಮೇಲೆ ಓದಿಸಿಕೊಳ್ಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಜೊತೆಯವರಿಂದ ಓದಿಸಿ. ಔಷಧಿ ಅಂಗಡಿಯ ಬಿಲ್ಲಿನಲ್ಲಿ ರೋಗಿಯ ಹೆಸರು ಮತ್ತು ತಾರೀಖು ಇರಲಿ. ನಾನು ಹೆಸರಿಲ್ಲದ ಬಿಲ್ಲುಗಳನ್ನು ಹೊಡೆದು ಹಾಕಿದ್ದಕ್ಕೆ ಲೆಕ್ಕವೇ ಇಲ್ಲ.

ಇನ್ನು ಠಾಣೆ. ಅಜಾಗರೂಕ ಚಾಲನೆಗೆ ಮೊದಲು ದಂಡ ಸಂಹಿತೆಯ 279, 337, 338 ಎಂದು ಕೇಳುತ್ತಿದ್ದಿರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125. ಅಂಕಿ ಬದಲಾಗಿದೆ, ‘ಸಣ್ಣದು ಬಿಡಿ, ಮಾತಾಡಿಕೊಳ್ಳಿ’ ಎಂಬ ಸಲಹೆ ಬದಲಾಗಿಲ್ಲ. ಮಾತಾಡಿಕೊಳ್ಳುವುದೆಂದರೆ ಐದು ಸಾವಿರ ಕೈಗಿಟ್ಟು, ‘ಮುಂದೆ ಯಾವುದೇ ತಕರಾರು ಇರುವುದಿಲ್ಲ’ ಎಂಬ ಕಾಗದಕ್ಕೆ ರುಜು ಹಾಕಿಸುವುದು. ಚಿಕಿತ್ಸೆಯ ಖರ್ಚಿಗೆಂದು ಯಾರಾದರೂ ಒಳ್ಳೆಯ ಮನಸ್ಸಿನಿಂದ ಹಣ ಕೊಟ್ಟರೆ ತೆಗೆದುಕೊಳ್ಳಿ, ಆ ಕಾಗದಕ್ಕೆ ರುಜು ಮಾತ್ರ ಬೇಡ. ಎರಡನೇ ಎಕ್ಸ್‌ರೇಗೆ ಮೊದಲು ಯಾವ ರಾಜಿಯೂ ಬೇಡ.

ದೂರು ತಡವಾಯಿತು ಎಂದರೆ ಎಲ್ಲ ಮುಗಿಯಿತೆಂದಲ್ಲ. ದೂರು ಕೊಡಲು ತಡವಾದದ್ದೊಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಅನುಮಾನಿಸಬಾರದು, ನಮ್ಮ ದೇಶದ ಸ್ಥಿತಿಯಲ್ಲಿ ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆಯೇ ಹೊರತು ಠಾಣೆಗಲ್ಲ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಆದರೆ ತಡವಾದ ದೂರಿನ ಜೊತೆ ತಪ್ಪು ಚೀಟಿಯೂ ಸೇರಿದರೆ ನನ್ನಂಥವನಿಗೆ ಹಬ್ಬ. ಏಕೆಂದರೆ ಆಗ ಇನ್ನೊಂದು ಅನುಮಾನ ಎಬ್ಬಿಸಬಹುದು: ಗುದ್ದಿದ ಗಾಡಿ ಇದಲ್ಲ, ವಿಮೆ ಇರುವ ಯಾವುದೋ ಗಾಡಿಯನ್ನು ತಂದು ಸೇರಿಸಿದ್ದಾರೆ ಎಂದು.

ಈ ಅನುಮಾನ ಪೂರ್ತಿ ಕಟ್ಟುಕತೆಯಲ್ಲ ಎಂಬುದನ್ನೂ ಹೇಳಬೇಕು. ಹಾಗೆ ಗಾಡಿ ಸೇರಿಸುವ ದಂಧೆ ಇದೆ. ಮರದಿಂದ ಬಿದ್ದವನನ್ನು ಬೈಕಿನಿಂದ ಬೀಳಿಸುವವರಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲೇ ನಿಂತು ‘ನಾನು ನೋಡಿಕೊಳ್ಳುತ್ತೇನೆ, ಬಂದದ್ದರಲ್ಲಿ ಇಷ್ಟು ಕೊಡಿ’ ಎನ್ನುವ ಮಧ್ಯವರ್ತಿಗಳಿದ್ದಾರೆ. ಶೇಕಡಾ ಐದರ ಊನವನ್ನು ಮೂವತ್ತು ಎಂದು ಬರೆದುಕೊಡುವ ವೈದ್ಯರೂ ಇದ್ದಾರೆ. ಇವರು ಕಂಪನಿಗೆ ಮೋಸ ಮಾಡುತ್ತಾರೆ ಎಂದು ನೀವು ನಗಬಹುದು. ನಿಜವಾದ ಪೆಟ್ಟು ಬೀಳುವುದು ಕಂಪನಿಗಲ್ಲ. ಹತ್ತು ಸುಳ್ಳು ನೋಡಿದ ಅಧಿಕಾರಿ ಹನ್ನೊಂದನೆಯದನ್ನೂ ಸುಳ್ಳೆಂದೇ ಓದಲು ಶುರುಮಾಡುತ್ತಾನೆ. ಕಾಯಿ ಸುಲಿಯುವವನ ಕಡತವನ್ನು ನಾನು ಓದಿದ್ದು ಹಾಗೆಯೇ. ಇದು ನನ್ನ ಸಮರ್ಥನೆಯಲ್ಲ, ಆದದ್ದು.

ಹಣದ ಲೆಕ್ಕಕ್ಕೆ ಬರುತ್ತೇನೆ. ಇದು ಎಲ್ಲರಿಗೂ ಇಷ್ಟವಾದ ಭಾಗ, ಆದರೆ ನಾನು ನಿಧಾನವಾಗಿ ಹೇಳುವುದಿಲ್ಲ, ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದಂತೆ ಒಂದು ಸಲ ಹೇಳುತ್ತೇನೆ. ಗಾಯದ ಪರಿಹಾರದ ದಾರಿ ತೋರಿಸಿದ್ದು 2010ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪು. ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು. ಸಾಧಾರಣ ಗಾಯವಾದರೆ ಚಿಕಿತ್ಸೆಯ ಖರ್ಚು, ಮಲಗಿದ್ದ ದಿನಗಳ ದುಡಿಮೆ, ನೋವಿಗೆ ಇಷ್ಟು, ಅಲ್ಲಿಗೆ ಮುಗಿಯಿತು. ಗಾಯ ಶಾಶ್ವತ ಊನ ಉಳಿಸಿ, ಅದನ್ನು ನಂಬುವಂಥ ವೈದ್ಯಕೀಯ ಸಾಕ್ಷ್ಯ ಇದ್ದರೆ ಮಾತ್ರ ಮುಂದಿನ ದುಡಿಮೆಯ ನಷ್ಟದ ಲೆಕ್ಕ. ಆ ತೀರ್ಪಿನ ಜೀವಾಳ ಇರುವುದು ಇಲ್ಲಿ: ವೈದ್ಯರು ಹೇಳುವ ಊನ ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನ ಸಂಬಳ ಹಾಗೆಯೇ ಉಳಿಯಬಹುದು.

ನಮ್ಮ ಕಾಯಿ ಸುಲಿಯುವವನನ್ನೇ ತೆಗೆದುಕೊಳ್ಳಿ. ತಿಂಗಳಿಗೆ 12,000 ದುಡಿಮೆ ಎಂದಿಟ್ಟುಕೊಳ್ಳೋಣ. ವಯಸ್ಸು ಮೂವತ್ತೆಂಟು; 36ರಿಂದ 40ರವರೆಗಿನವರಿಗೆ ಸುಪ್ರೀಂ ಕೋರ್ಟಿನ 2009ರ ತೀರ್ಪಿನ ಪಟ್ಟಿಯಲ್ಲಿ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 15. ಮಣಿಕಟ್ಟಿನ ಊನದಿಂದ ದುಡಿಮೆಗೆ ಶೇಕಡಾ 10 ಪೆಟ್ಟು ಎಂದರೂ 12,000 ಗುಣಿಸು 12, ಗುಣಿಸು 15, ಅದರ ಹತ್ತನೇ ಒಂದು ಭಾಗ: 2,16,000 ರೂಪಾಯಿ. ಅವನ ಕೆಲಸಕ್ಕೆ ಮಣಿಕಟ್ಟೇ ಬಂಡವಾಳ ಎಂದು ವಾದಿಸಿ ಶೇಕಡಾ 20 ಎಂದು ಒಪ್ಪಿಸಿದರೆ ಅದರ ಎರಡರಷ್ಟು. ಒಂದು ಸಣ್ಣ ಗೋಡಂಬಿ ಎಲುಬಿನ ಬೆಲೆ ಅಷ್ಟು. ಅವನಿಗೆ ಸಿಕ್ಕಿದ್ದು ಸೊನ್ನೆ, ಎರಡು ಇಂಗ್ಲಿಷ್ ಪದಗಳಿಗಾಗಿ.

ಅದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಚಿಕಿತ್ಸೆಯನ್ನೇ ಕೊಡದ ವೈದ್ಯರು ತಯಾರಾಗಿ ಇಟ್ಟುಕೊಂಡಂತೆ ಕೊಡುವ ಊನದ ಪ್ರಮಾಣಪತ್ರಗಳನ್ನು ನ್ಯಾಯಮಂಡಳಿ ಎಚ್ಚರದಿಂದ ನೋಡಬೇಕು ಎಂದು. ಆದ್ದರಿಂದ ನಿಮಗೆ ಪಟ್ಟಿ ಕಟ್ಟಿದ ವೈದ್ಯರ ಬಳಿಯೇ ಮತ್ತೆ ಮತ್ತೆ ಹೋಗಿ. ಅವರೇ ಬಂದು ಸಾಕ್ಷಿ ಹೇಳಿದರೆ ನಮ್ಮ ವಕೀಲರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಮನೆಯಲ್ಲಿರುವ ಹೆಣ್ಣುಮಕ್ಕಳ ವಿಷಯ. ‘ನೀವು ಯಾವ ಕೆಲಸಕ್ಕೂ ಹೋಗುವುದಿಲ್ಲ ಅಲ್ಲವೇ? ಹಾಗಾದರೆ ದುಡಿಮೆಯ ನಷ್ಟ ಏನೂ ಇಲ್ಲ’ ಎಂಬ ಪ್ರಶ್ನೆಯನ್ನು ನಾನು ಎಷ್ಟು ಪಾಟೀಸವಾಲಿಗೆ ಬರೆದುಕೊಟ್ಟಿದ್ದೇನೋ. ಒಂದು ಸಲ ಒಬ್ಬ ಅಜ್ಜಿ ಕಟಕಟೆಯಲ್ಲಿ ನಿಂತು ವಕೀಲರನ್ನೇ ನೋಡಿ, ‘ನೀವು ಬೆಳಿಗ್ಗೆ ಊಟ ಮಾಡಿಕೊಂಡು ಬಂದಿರಾ?’ ಎಂದು ಕೇಳಿದರು. ನ್ಯಾಯಾಧೀಶರು ತಲೆ ತಗ್ಗಿಸಿ ನಕ್ಕರು. ಗೃಹಿಣಿಯ ದುಡಿಮೆಗೆ ಆರ್ಥಿಕ ಬೆಲೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಅಜ್ಜಿ ಮೊದಲೇ ಹೇಳಿದ್ದರು.

ಈಗ ಒಂದು ವಿಚಿತ್ರ. ನೀವು ಸಣ್ಣದು ಎನ್ನುವುದನ್ನು ಕಾನೂನು ಸಣ್ಣದು ಎನ್ನದೆ ಇರಬಹುದು. ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ತೀವ್ರ ಗಾಯ ಯಾವುದು ಎಂಬ ಪಟ್ಟಿ ಇದೆ. ಎಲುಬು ಮುರಿದರೆ ತೀವ್ರ, ಕೀಲು ತಪ್ಪಿದರೆ ತೀವ್ರ, ಹಲ್ಲು ಮುರಿದರೂ ತೀವ್ರ. ಹದಿನೈದು ದಿನ ತೀವ್ರ ನೋವಿನಲ್ಲಿದ್ದರೆ, ಇಲ್ಲವೇ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ; ಹಳೆಯ ಸಂಹಿತೆಯಲ್ಲಿ ಇದು ಇಪ್ಪತ್ತು ದಿನ ಇತ್ತು. ‘ಒಂದು ಹಲ್ಲು ಹೋಯಿತು, ಹೇಗೂ ಅಲ್ಲಾಡುತ್ತಿತ್ತು’ ಎಂದು ನಗುವವರನ್ನು ನೋಡಿದ್ದೇನೆ. ಮೋಟಾರು ಕಾಯ್ದೆಯ ಈಗಿನ 164ನೇ ಕಲಮಿನ ಪ್ರಕಾರ ತೀವ್ರ ಗಾಯಕ್ಕೆ ತಪ್ಪು ಯಾರದು ಎಂದು ಸಾಬೀತುಪಡಿಸದೆಯೇ ಎರಡೂವರೆ ಲಕ್ಷ ಕೇಳುವ ದಾರಿ ಇದೆ. ಆದರೆ ಆ ದಾರಿಯಲ್ಲಿ ಕೊಟ್ಟ ಹಣವನ್ನು ಒಪ್ಪಿಕೊಂಡರೆ, ತಪ್ಪು ಸಾಬೀತುಪಡಿಸಿ ಪೂರ್ತಿ ಪರಿಹಾರ ಕೇಳುವ 166ನೇ ಕಲಮಿನ ಅರ್ಜಿ ಬಿದ್ದುಹೋಗುತ್ತದೆ. ಯಾವುದು ಲಾಭ ಎಂಬುದನ್ನು ವಕೀಲರ ಬಳಿ ಕುಳಿತು ಲೆಕ್ಕ ಹಾಕದೆ ರುಜು ಹಾಕಬೇಡಿ. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೆ ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ. ಅದನ್ನು ಕೇಳಬೇಕಾದದ್ದು ನ್ಯಾಯಾಲಯದಲ್ಲಲ್ಲ, ಕಂದಾಯ ಉಪವಿಭಾಗದ ಕಚೇರಿಯಲ್ಲಿ. ಅದು ನಿಮ್ಮ ಊರಿನಲ್ಲೇ ಇದೆ. ಬರಿಯ ತರಚು ಗಾಯಕ್ಕೆ ಅಲ್ಲಿ ಏನೂ ಇಲ್ಲ.

ಗಡುವಿನ ಮಾತು. 1988ರ ಕಾಯ್ದೆಯಲ್ಲಿ ಅರ್ಜಿಗೆ ಆರು ತಿಂಗಳ ಗಡುವಿತ್ತು. 1994ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ನಾನು ಕೆಲಸದಲ್ಲಿದ್ದ ಹೆಚ್ಚಿನ ಕಾಲ ವರ್ಷಗಟ್ಟಲೆ ತಡವಾದ ಅರ್ಜಿಗಳೂ ಬರುತ್ತಿದ್ದವು. 2019ರ ತಿದ್ದುಪಡಿ ಆರು ತಿಂಗಳನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಗಡುವು ಮೀರಿದೆ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಮಧ್ಯಂತರ ಆದೇಶ ಮಳೆಗಾಲದ ಬಿಸಿಲು, ಅದನ್ನು ನಂಬಿ ಕೊಬ್ಬರಿ ಒಣಗಿಸಲು ಹಾಕಬೇಡಿ. ಆರು ತಿಂಗಳೊಳಗೆ ಅರ್ಜಿ ಹಾಕಿ. ಅಪಘಾತ ಆದ ಊರಿನಲ್ಲೇ ಹಾಕಬೇಕೆಂದಿಲ್ಲ. ಬೆಂಗಳೂರಿನಲ್ಲಿ ಬಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲಿ ಹಾಕಬಹುದು. ಪೊಲೀಸರೂ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕೆಂದು ನಿಯಮವಿದೆ. ಕಳಿಸಿದ್ದಾರೆಯೇ ಎಂದು ಹೋಗಿ ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಕಳಿಸುತ್ತಾರೆ.

ಸಣ್ಣ ಮೊತ್ತದವರು ತಿಳಿದಿರಬೇಕಾದ ಇನ್ನೊಂದಿದೆ. ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಈಗ ಹೈಕೋರ್ಟಿಗೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿ ಕೊಟ್ಟದ್ದೇ ಕೊನೆ. ನಿಮಗೂ ಹಾಗೆಯೇ, ಕಂಪನಿಗೂ ಹಾಗೆಯೇ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೊತ್ತ ಎಷ್ಟಿದ್ದರೂ ಮೇಲ್ಮನವಿ ಇಲ್ಲ. ಅದಾಲತ್ ಕೆಟ್ಟದ್ದಲ್ಲ, ಹಣ ಬೇಗ ಬರುತ್ತದೆ. ಆದರೆ ನಾವು ಅಲ್ಲಿಗೆ ಬರುವಾಗ ಎಷ್ಟರವರೆಗೆ ಏರಬಹುದು ಎಂದು ಮೇಲಿನಿಂದ ಒಪ್ಪಿಗೆ ಪಡೆದೇ ಬರುತ್ತಿದ್ದೆವು, ಮತ್ತು ಮೊದಲು ಹೇಳುತ್ತಿದ್ದದ್ದು ಅದರ ಅರ್ಧವನ್ನು. ವಕೀಲರಿಗೆ ಕೊಡಲು ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿದೆ. ದೂರವಾಣಿ 15100.

ಇಷ್ಟು ಹೇಳಿ ನಾನು ಕುಳಿತೆ. ಮೊದಲ ಪ್ರಶ್ನೆ ನಿವೃತ್ತ ಮೇಷ್ಟರೊಬ್ಬರದು: ‘ರಸ್ತೆಯ ಹೊಂಡಕ್ಕೆ ನನ್ನ ಗಾಡಿ ನಾನೇ ಬೀಳಿಸಿಕೊಂಡರೆ?’ ಬೇರೆ ವಾಹನ ಇಲ್ಲದ ಕಡೆ ಈ ದಾರಿ ಇಲ್ಲ ಎಂದೆ. ಗಾಡಿಯ ಪಾಲಿಸಿಯ ಜೊತೆ ಬರುವ ಮಾಲೀಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವಿಗೆ, ಕೈಕಾಲು ಕಣ್ಣು ಹೋದದ್ದಕ್ಕೆ, ಮುರಿದ ಎಲುಬಿಗಲ್ಲ. ಅವರಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ.

ಸಾರಿಗೆ ನಿಗಮದ ಬಸ್ಸಿನ ಬಗ್ಗೆ ಒಬ್ಬರು ಕೇಳಿದರು. ಅಲ್ಲಿ ವಿಮಾ ಕಂಪನಿಯ ಬದಲು ನಿಗಮವೇ ತನ್ನ ನಿಧಿಯಿಂದ ಕೊಡುತ್ತದೆ, ಅರ್ಜಿಯಲ್ಲಿ ನಿಗಮವನ್ನೇ ಎದುರುದಾರರನ್ನಾಗಿ ಮಾಡಬೇಕು, ಬಸ್ ಟಿಕೆಟ್ ಎಸೆಯಬೇಡಿ ಎಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದರು. ಶಿವರಾತ್ರಿಯ ಮರುದಿನ ಆಟೋ ತಿರುಗುವಾಗ ಹೊರಕ್ಕೆ ಬಿದ್ದಿದ್ದರು. ಈಗ ಆಷಾಢ. ಬಲಗೈ ಮಡಚಲು ಬರುತ್ತಿಲ್ಲ. ‘ಆಟೋ ನಮ್ಮ ಬೀದಿಯ ಹುಡುಗನದೇ. ಅವನ ಮದುವೆಗೆ ನಾನೇ ಅಕ್ಷತೆ ಹಾಕಿದ್ದು. ಅವನ ಮೇಲೆ ಕೇಸು ಹಾಕುವುದು ಹೇಗೆ ಸ್ವಾಮಿ?’

ಹಣ ಅವನು ಕೊಡಬೇಕಾಗಿಲ್ಲ, ವಿಮೆ ಇದ್ದರೆ ಕಂಪನಿ ಕೊಡುತ್ತದೆ ಎಂದೆ. ಆದರೆ ಠಾಣೆಯಲ್ಲಿ ಅವನ ಹೆಸರಿನಲ್ಲೇ ಮೊಕದ್ದಮೆ ಆಗುತ್ತದೆ, ಅವನು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ; ಆಗುವುದಿಲ್ಲ ಎಂದು ಸುಳ್ಳು ಹೇಳಲಾರೆ ಎಂದೂ ಹೇಳಿದೆ. ದೂರಿಗೆ ಮೊದಲು ಅವನನ್ನೇ ಮನೆಗೆ ಕರೆಸಿ, ಪಾಲಿಸಿಯ ಪ್ರತಿ ಕೇಳಿ, ಹೀಗೆ ಮಾಡುತ್ತೇನಪ್ಪ ಎಂದು ಹೇಳಿಯೇ ಮಾಡಿ ಎಂದೆ. ಆ ದಿನ ಆಸ್ಪತ್ರೆಗೆ ಹೋಗಿದ್ದಿರಾ ಎಂದು ಕೇಳಿದೆ. ಸೊಂಟದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಪಡಿತರ ಚೀಟಿಯ ಹಿಂದೆ ನಾಲ್ಕು ಮಡಿಕೆಯಲ್ಲಿ ಹೊರರೋಗಿ ಚೀಟಿ. ಕನ್ನಡಕ ಹಾಕಿಕೊಂಡು ಓದಿದೆ: ಓಡುವ ಆಟೋದಿಂದ ಬಿದ್ದು ಬಲ ಮಣಿಕಟ್ಟಿಗೆ ಪೆಟ್ಟು, ಊತ. ಕೆಳಗೆ ತಾರೀಖು, ವೈದ್ಯರ ರುಜು. ಬೆರಳಲ್ಲಿ ಎಣಿಸಿದೆ. ಆರು ತಿಂಗಳಿಗೆ ಇನ್ನು ಇಪ್ಪತ್ತಮೂರು ದಿನ ಇತ್ತು.

‘ಇದನ್ನು ಯಾರ ಕೈಗೂ ಕೊಡಬೇಡಿ ತಾಯಿ’ ಎಂದು ಚೀಟಿಯನ್ನು ಹಾಗೆಯೇ ಮಡಚಿ ವಾಪಸು ಕೊಟ್ಟೆ. ‘ನಾಳೆ ಜೆರಾಕ್ಸ್ ಮಾಡಿಸಿ, ಅದನ್ನು ಮಾತ್ರ ಕೊಡಿ.’